ಗಾಳಿಯನ್ನು ಓದಿದ ಗೆಳೆಯರು

ಬೇಸಗೆಯ ಬಿಸಿಲೇರಿದ ಹೊತ್ತಿನಲ್ಲಿ ಹದ್ದೊಂದು ರೆಕ್ಕೆಯನ್ನು ಬಡಿಯದೆ, ಸುತ್ತು ಸುತ್ತಾಗಿ, ಯಾರೋ ಮೇಲಿನಿಂದ ನೂಲು ಹಿಡಿದು ಸೇದುತ್ತಿರುವಂತೆ ಆಕಾಶಕ್ಕೆ ಏರಿಹೋಗುವುದನ್ನು ನೋಡದವರು ನಮ್ಮಲ್ಲಿ ಇರಲಾರರು. ಗರುಡನು ಪ್ರದಕ್ಷಿಣೆ ಬಂದನೆಂದು ಕೈಮುಗಿದು ಶುಭವನ್ನೆಣಿಸುವ ಸಂಪ್ರದಾಯವೂ ನಮ್ಮಲ್ಲಿ ಉಂಟು. ಆದರೆ ಈ ಪಕ್ಷಿಯನ್ನು ಮೇಲಕ್ಕೆತ್ತುವ ಬಲ ಯಾವುದು, ಅದು ಯಾವ ಗಳಿಗೆಯಲ್ಲಿ ಹುಟ್ಟಿ ಯಾವ ಗಳಿಗೆಯಲ್ಲಿ ಅಡಗುವುದು, ಅದನ್ನು ಮುಂಚಿತವಾಗಿ ತಿಳಿಯುವ ಬಗೆ ಉಂಟೆ, ಎಂಬ ಪ್ರಶ್ನೆಗಳನ್ನು ಕೇಳಿದವರು ಬಹುಕಾಲದವರೆಗೆ ವಿರಳರಾಗಿಯೇ ಇದ್ದರು.

ಹಾಗೆ ಕೇಳಿದವರಲ್ಲಿ ಒಬ್ಬರು ನಮ್ಮ ದೇಶದಲ್ಲಿಯೇ ಕೆಲಸಮಾಡಿದರು. ಆಗ್ರಾ ನಗರದಲ್ಲಿ ಸರ್ಕಾರದ ಸೇವೆಯಲ್ಲಿದ್ದ ಅರ್ನೆಸ್ಟ್ ಹ್ಯಾನ್‌ಬರಿ ಹ್ಯಾಂಕಿನ್ ಎಂಬ ಆಂಗ್ಲ ವಿದ್ವಾಂಸರು ವೃತ್ತಿಯಿಂದ ಸೂಕ್ಷ್ಮಜೀವಿಶಾಸ್ತ್ರಜ್ಞರು. ಗಂಗಾ ಯಮುನೆಗಳ ನೀರನ್ನೂ ಕಾಲರಾ ಕ್ರಿಮಿಗಳನ್ನೂ ಪರೀಕ್ಷಿಸಿದವರು. ಬಿಡುವಿನ ವೇಳೆಯಲ್ಲಿ ಅವರ ಕಣ್ಣು ಆಕಾಶದ ಹದ್ದು ರಣಹದ್ದುಗಳ ಮೇಲೆ ಇದ್ದಿತು. ಬೆಳಗಿನಲ್ಲಿ ಹಗುರವಾದ ಹದ್ದು ಮೊದಲು ತೇಲತೊಡಗುವುದು, ಭಾರವಾದ ರಣಹದ್ದು ಬಿಸಿಲು ಇನ್ನಷ್ಟು ಬಲಿತ ಮೇಲೆ ಅದನ್ನು ಹಿಂಬಾಲಿಸುವುದು, ಎಂಬುದನ್ನು ಅವರು ಗಡಿಯಾರ ಹಿಡಿದು ಗುರುತಿಸಿದರು. ೧೯೧೩ರಲ್ಲಿ ಪ್ರಾಣಿಗಳ ಹಾರಾಟವನ್ನು ಕುರಿತ ಅವರ ಗ್ರಂಥವು ಪ್ರಕಟವಾಯಿತು.

ಹ್ಯಾಂಕಿನ್ನರು ನೆಲದ ಮೇಲೆ ನಿಂತು ನೋಡಿದುದನ್ನು, ಕೆಲವು ವರ್ಷಗಳ ತರುವಾಯ, ಜರ್ಮನಿಯ ಒಂದು ಬೋಳುಗುಡ್ಡದಲ್ಲಿ ಸೇರಿದ ತರುಣರು ಗಾಳಿಯೊಳಗೆ ಹೊಕ್ಕು ಕಲಿತರು. ಎಂಜಿನು ಇಲ್ಲದ ವಿಮಾನವಾದ ಗ್ಲೈಡರಿನಲ್ಲಿ ಕುಳಿತು, ಇಂದಿನ ಗಾಳಿ ಹೇಗಿರುವುದೆಂದು ಮುನ್ನವೇ ಅರಿತು, ಹಾರುವ ವಿದ್ಯೆಯನ್ನು ಅವರು ಕಟ್ಟಿದರು. ಈ ವಿದ್ಯೆಯ ಇತಿಹಾಸವನ್ನು ಸಾಹಸದ ಕಥೆಯೆಂದು ಹೇಳುವುದು ವಾಡಿಕೆ. ಅದು ಸಾಹಸವೇ ಸರಿ. ಆದರೆ ಹವೆಯನ್ನು ಮುನ್ನರಿಯುವ ಜ್ಞಾನವು ಇಲ್ಲಿ ಒಬ್ಬ ಪಂಡಿತನ ಕೊಠಡಿಯಲ್ಲಿ ಹುಟ್ಟಲಿಲ್ಲ. ಪರಸ್ಪರ ಪೈಪೋಟಿಯಲ್ಲಿದ್ದರೂ ತಾವು ಕಂಡುದನ್ನು ಮುಚ್ಚಿಡದ ಗೆಳೆಯರ ಕೂಟದಲ್ಲಿ ಹುಟ್ಟಿತು. ಆ ಗೆಳೆತನ ಮುರಿದಾಗ ಏನಾಯಿತೆಂಬುದೂ ಈ ಇತಿಹಾಸದ ಭಾಗವೇ ಆಗಿದೆ. ಪ್ರಕೃತ ಲೇಖನದ ಉದ್ದೇಶವು ಇದನ್ನು ವಾಚಕರ ಮುಂದಿಡುವುದು.

೧

ಜರ್ಮನಿಯ ನಡುಭಾಗದಲ್ಲಿ ರೋನ್ ಎಂಬ ಬೆಟ್ಟಗಳ ಸಾಲು ಉಂಟು. ಅದರಲ್ಲಿ ಎಲ್ಲಕ್ಕಿಂತ ಎತ್ತರವಾದುದು ವಾಸರ್‌ಕುಪ್ಪೆ. ಸಮುದ್ರಮಟ್ಟದಿಂದ ೯೫೦ ಮೀಟರು. ಜರ್ಮನ್ ಮಾತಿನಲ್ಲಿ ಕುಪ್ಪೆ ಎಂದರೆ ದುಂಡಾದ ಗುಡ್ಡದ ನೆತ್ತಿ. ನಮ್ಮ ಕನ್ನಡದ ಕುಪ್ಪೆಯೊಡನೆ ಇದಕ್ಕಿರುವ ಹೋಲಿಕೆ ಕೇವಲ ಆಕಸ್ಮಿಕವಾದರೂ ನೆನಪಿಗೆ ಅನುಕೂಲವಾದುದು. ಫುಲ್ಡಾ ನದಿಯು ಹುಟ್ಟುವುದು ಇದರ ಮಗ್ಗುಲಲ್ಲಿಯೇ. ನೆತ್ತಿಯ ಮೇಲೆ ಮರಗಳು ಕಡಮೆ, ಹುಲ್ಲುಗಾವಲು, ಇಳಿಜಾರು ಹಲವು ದಿಕ್ಕುಗಳಿಗೆ ಚಾಚಿರುವುದರಿಂದ ಗಾಳಿ ಯಾವ ಕಡೆಯಿಂದ ಬೀಸಿದರೂ ಅದಕ್ಕೆ ಎದುರಾಗಿ ನಿಲ್ಲುವ ಮೈ ದೊರೆಯುತ್ತದೆ.

೧೯೧೧ರಲ್ಲಿಯೇ ಡಾರ್ಮ್‌ಸ್ಟಾಟ್ ನಗರದ ಕೆಲವು ವಿದ್ಯಾರ್ಥಿಗಳು ತಾವೇ ಕಟ್ಟಿದ ಗ್ಲೈಡರುಗಳೊಂದಿಗೆ ಇಲ್ಲಿಗೆ ಬಂದರು. ಮರುವರ್ಷ ಅವರಲ್ಲಿ ಒಬ್ಬನಾದ ಹಾನ್ಸ್ ಗುಟರ್‌ಮುಟ್ ೮೩೮ ಮೀಟರು ದೂರ ಹಾರಿದನು. ಅಷ್ಟರಲ್ಲಿ ಮಹಾಯುದ್ಧ ಬಂದಿತು. ಗುಟರ್‌ಮುಟ್ ಅದರಲ್ಲಿ ಮಡಿದನು. ಅವನ ಸಂಗಡಿಗರಲ್ಲಿಯೂ ಹಲವರು ಹಿಂದಿರುಗಲಿಲ್ಲ.

ಯುದ್ಧವು ಮುಗಿದ ಮೇಲೆ ವರ್ಸೇಲ್ಸ್ ಒಪ್ಪಂದದ ಕಟ್ಟುಪಾಡುಗಳಿಂದ ಜರ್ಮನಿಯಲ್ಲಿ ಎಂಜಿನುಳ್ಳ ವಿಮಾನಗಳ ನಿರ್ಮಾಣವು ನಿಂತುಹೋಯಿತು. ಆಗ ಫ್ರಾಂಕ್‌ಫರ್ಟ್ ನಗರದಲ್ಲಿ ವಿಮಾನವಿದ್ಯೆಗೆ ಮೀಸಲಾದ ಪತ್ರಿಕೆಯೊಂದನ್ನು ನಡೆಸುತ್ತಿದ್ದ ಆಸ್ಕರ್ ಉರ್ಸಿನಸ್ ಎಂಬ ಇಂಜಿನಿಯರು, ಎಂಜಿನಿಲ್ಲದ ವಿಮಾನಗಳನ್ನು ಕಟ್ಟಿಕೊಂಡು ವಾಸರ್‌ಕುಪ್ಪೆಗೆ ಬನ್ನಿರೆಂದು ತಮ್ಮ ಓದುಗರಿಗೆ ಕರೆಯಿತ್ತರು. ೧೯೨೦ರ ಬೇಸಗೆಯಲ್ಲಿ ಮೊದಲ ಕೂಟ ಸೇರಿತು. ಡೇರೆಗಳಲ್ಲಿ ವಾಸ, ಮಳೆ, ಮಂಜು; ಹಲಗೆ, ಬಟ್ಟೆ, ತಂತಿಗಳಿಂದ ಕಟ್ಟಿದ ವಿಮಾನಗಳು. ಆಗಸ್ಟಿನಲ್ಲಿ ಓಯ್ಗೆನ್ ಫಾನ್ ಲೋಸ್ಲ್ ಎಂಬವರ ವಿಮಾನವು ಗಾಳಿಯಲ್ಲಿಯೇ ಮುರಿದು ಅವರು ಸತ್ತರು. ಕೂಟವು ಅಲ್ಲಿಗೇ ಚದರಿಹೋಗಬಹುದಾಗಿತ್ತು, ಹೋಗಲಿಲ್ಲ. ಸೆಪ್ಟೆಂಬರ್ ೪ರಂದು ಆಖನ್ ನಗರದ ವೊಲ್ಫ್‌ಗಾಂಗ್ ಕ್ಲೆಂಪರರ್ ಎರಡು ನಿಮಿಷ ಇಪ್ಪತ್ತೆರಡು ಸೆಕೆಂಡುಗಳಲ್ಲಿ ೧,೮೩೦ ಮೀಟರು ಹಾರಿದರು. ಆ ವರ್ಷದ ನಗೆಯೆಲ್ಲವೂ ಈ ಎರಡು ನಿಮಿಷಗಳಲ್ಲಿ ಅಡಗಿತ್ತು.

ಈ ಹಾರಾಟಕ್ಕೆ ಮೊದಲ ಹೆಜ್ಜೆಯಿಂದಲೇ ಇತರರ ಕೈ ಬೇಕು. ಕ್ಲೆಂಪರರ್ ರೂಢಿಗೆ ತಂದ ಕ್ರಮವೆಂದರೆ ರಬ್ಬರು ಹಗ್ಗದ ಎಳೆತ. ವಿಮಾನದ ಮೂತಿಯ ಕೊಕ್ಕೆಗೆ ಹಗ್ಗದ ನಡುವನ್ನು ಸಿಕ್ಕಿಸಿ, ಅದರ ಎರಡು ತುದಿಗಳನ್ನು ಎರಡು ಗುಂಪಿನವರು ಹಿಡಿದು, ಇಳಿಜಾರಿನ ಕಡೆಗೆ ಕವಲೊಡೆದು ನಡೆಯುವರು. ಬಾಲವನ್ನು ಇನ್ನೊಬ್ಬಿಬ್ಬರು ನೆಲಕ್ಕೆ ಅಮುಕಿ ಹಿಡಿದಿರುವರು. ಎಳೆಯಿರಿ ಎಂದಾಗ ನಡಿಗೆ, ಓಡಿರಿ ಎಂದಾಗ ಓಟ, ಬಿಡಿರಿ ಎಂದಾಗ ಬಾಲವನ್ನು ಹಿಡಿದವರು ಕೈಬಿಡುವರು. ಕವಣೆಯ ಕಲ್ಲಿನಂತೆ ವಿಮಾನವು ಗಾಳಿಗೆ ಚಿಮ್ಮುವುದು. ಒಬ್ಬನು ಹಾರಬೇಕಾದರೆ ಹತ್ತಾರು ಮಂದಿ ಓಡಬೇಕು; ಇಳಿದಲ್ಲಿಂದ ವಿಮಾನವನ್ನು ಮತ್ತೆ ಗುಡ್ಡದ ಮೇಲಕ್ಕೆ ತಳ್ಳಬೇಕು. ಈ ಹೊತ್ತು ಹಗ್ಗ ಹಿಡಿದವನು ನಾಳೆ ಹಾರುವನು. ನಮ್ಮ ಹಳ್ಳಿಗಳ ಮುಯ್ಯಾಳಿನ ಕಟ್ಟಳೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

೨

ಗ್ಲೈಡರಿನ ವಿಷಯದಲ್ಲಿ ಒಂದು ಮಾತನ್ನು ಮೊದಲಿಗೇ ಸ್ಪಷ್ಟಮಾಡಬೇಕು. ಅದು ತನ್ನ ಸುತ್ತಲಿನ ಗಾಳಿಯಲ್ಲಿ ಯಾವಾಗಲೂ ಇಳಿಯುತ್ತಲೇ ಇರುತ್ತದೆ. ಸೆಕೆಂಡಿಗೆ ಸುಮಾರು ಒಂದು ಮೀಟರು ಎಂದಿಟ್ಟುಕೊಳ್ಳೋಣ. ಗಾಳಿಯೇ ಅದಕ್ಕಿಂತ ವೇಗವಾಗಿ ಏರುತ್ತಿದ್ದರೆ ವಿಮಾನವೂ ಏರುತ್ತದೆ. ಬಾವಿಯಿಂದ ಕೊಡವನ್ನು ಸೇದುತ್ತಿರುವಾಗ ಅದರ ಮೈಮೇಲಿನ ಇರುವೆ ಕೆಳಮುಖವಾಗಿ ಹರಿದರೂ ಒಟ್ಟಿನಲ್ಲಿ ಮೇಲಕ್ಕೇ ಬರುವಂತೆ. ಆದುದರಿಂದ ಗ್ಲೈಡರು ಹಾರಿಸುವುದೆಂದರೆ ಏರುಗಾಳಿಯನ್ನು ಹುಡುಕುವುದು.

ಮೊದಲು ದೊರೆತ ಏರುಗಾಳಿಯು ಇಳಿಜಾರಿನದು. ಬೀಸುವ ಗಾಳಿಯು ಬೆಟ್ಟಕ್ಕೆ ತಾಗಿ ಮೇಲಕ್ಕೆ ತಿರುಗುತ್ತದೆ. ಆ ಮಗ್ಗುಲಿನ ಉದ್ದಕ್ಕೆ ಹಿಂದಕ್ಕೂ ಮುಂದಕ್ಕೂ ಹಾರುತ್ತಿದ್ದರೆ ಇಳಿಯಬೇಕಾಗಿಲ್ಲ. ೧೯೨೨ರ ಆಗಸ್ಟ್ ೧೮ರಂದು ಹಾನೋವರಿನ ವಿದ್ಯಾರ್ಥಿಗಳು ಕಟ್ಟಿದ ವ್ಯಾಂಪೈರ್ ಎಂಬ ವಿಮಾನದಲ್ಲಿ ಆರ್ತುರ್ ಮಾರ್ಟೆನ್ಸ್ ಒಂದು ಗಂಟೆಗಿಂತಲೂ ಹೆಚ್ಚು ಕಾಲ ಗಾಳಿಯಲ್ಲಿ ನಿಂತರು. ಅದೇ ತಿಂಗಳಲ್ಲಿ ಅವರ ಸಂಗಡಿಗ ಹೆಂಟ್ಸೆನ್ ಅದೇ ವಿಮಾನದಲ್ಲಿ ಮೂರು ಗಂಟೆಗಳನ್ನು ದಾಟಿದರು. ನಿಮಿಷಗಳನ್ನು ಎಣಿಸುತ್ತಿದ್ದವರು ಈಗ ಗಂಟೆಗಳನ್ನು ಎಣಿಸುವಂತಾಯಿತು. ಆದರೂ ಇದೊಂದು ಸೆರೆಯೇ ಆಗಿತ್ತು. ಬೆಟ್ಟವನ್ನು ಬಿಟ್ಟು ಬಯಲಿಗೆ ಹೊರಟರೆ ಇಳಿಯಲೇಬೇಕು. ಹದ್ದು ಬಯಲಿನ ಮೇಲೆ ಏರುವುದು ಹೇಗೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಇದಕ್ಕೆ ಉತ್ತರವನ್ನು ಹುಡುಕಲು ಹವಾಶಾಸ್ತ್ರವೇ ಬೇಕಾಯಿತು. ೧೯೨೦ರ ದಶಕದ ನಡುವಿನಲ್ಲಿ ರೋನ್-ರೊಸಿಟೆನ್ ಸಂಘವೆಂಬ ಸಂಸ್ಥೆ ಏರ್ಪಟ್ಟು, ಅದರ ಸಂಶೋಧನಾಲಯದ ನಾಯಕತ್ವವು ವಾಲ್ಟರ್ ಗಿಯೋರ್ಗಿ ಎಂಬ ಹವಾಶಾಸ್ತ್ರಜ್ಞರಿಗೆ ಬಂದಿತು. ೧೮೮೮ರಲ್ಲಿ ಹುಟ್ಟಿದ ಇವರು ಡಾರ್ಮ್‌ಸ್ಟಾಟಿನಲ್ಲಿ ಆಚಾರ್ಯರಾಗಿದ್ದರು. ಇವರ ಹಿರಿಮೆಯು ಎರಡು ಬಗೆಯದು. ಮೊದಲನೆಯದು, ಗ್ಲೈಡರನ್ನು ಆಟದ ವಸ್ತುವೆಂದು ತಿಳಿಯದೆ ವಾತಾವರಣವನ್ನು ಅಳೆಯುವ ಉಪಕರಣವೆಂದು ತಿಳಿದುದು. ಎರಡನೆಯದು, ಹಾರುವವರು ಹೇಳಿದುದನ್ನು ತಾಳ್ಮೆಯಿಂದ ಕೇಳಿದುದು. ಬೆಳಗಿನಲ್ಲಿ ಗಿಯೋರ್ಗಿಯವರು ಹಾರಾಟಗಾರರಿಗೆ ಆ ದಿನದ ಹವೆಯ ಲಕ್ಷಣವನ್ನು ಹೇಳುವರು. ಅವರು ಹಿಂದಿರುಗಿದ ಮೇಲೆ ಎಲ್ಲಿ ಏರಿದಿರಿ, ಎಲ್ಲಿ ಇಳಿದಿರಿ, ಮೋಡದ ಯಾವ ಪಕ್ಕದಲ್ಲಿ ಎಂದು ವಿಚಾರಿಸುವರು. ಎತ್ತರವನ್ನು ತಾನಾಗಿಯೇ ಗೆರೆ ಎಳೆದು ಗುರುತಿಸುವ ಬ್ಯಾರೊಗ್ರಾಫ್ ಯಂತ್ರವು ಬಾಯಿಮಾತಿಗೆ ಸಾಕ್ಷಿಯಾಗಿ ಜೊತೆಯಲ್ಲಿರುತ್ತಿತ್ತು.

ಬಿಳಿಯ ಹತ್ತಿಯ ರಾಶಿಯಂತೆ ತೇಲುವ ಬೇಸಗೆಯ ಮೋಡಗಳ ಅಡಿಯಲ್ಲಿ ಗಾಳಿ ಏರುತ್ತಿರಬೇಕೆಂಬುದು ಗಿಯೋರ್ಗಿಯವರ ಊಹೆ. ಇದನ್ನು ಪರೀಕ್ಷಿಸಲು ೧೯೨೮ರಲ್ಲಿ ಯೊಹಾನೆಸ್ ನೆರಿಂಗ್ ಎಂಬ ನಿಪುಣನು ಎಂಜಿನುಳ್ಳ ಒಂದು ಹಗುರ ವಿಮಾನದಲ್ಲಿ ಅಂಥ ಮೋಡದ ಕೆಳಕ್ಕೆ ಹೋಗಿ ಎಂಜಿನನ್ನು ನಿಲ್ಲಿಸಿದನು. ವಿಮಾನವು ಇಳಿಯಬೇಕಾದಲ್ಲಿ ಏರಿತು. ಮೋಡವು ನೀರಾವಿಯ ಮುದ್ದೆ ಮಾತ್ರವಲ್ಲ, ತನ್ನ ಕೆಳಗೆ ಏರುಗಾಳಿಯುಂಟೆಂದು ಸಾರುವ ಬಾವುಟವೂ ಹೌದು ಎಂಬುದು ಸಿದ್ಧವಾಯಿತು. ಈ ನೆರಿಂಗ್ ೧೯೩೦ರಲ್ಲಿ, ಹವೆಯನ್ನು ಅಳೆಯಲು ಕೈಗೊಂಡ ಹಾರಾಟವೊಂದರಲ್ಲಿಯೇ ಪ್ರಾಣ ಬಿಟ್ಟನು.

೧೯೨೮ರ ಆಗಸ್ಟಿನಲ್ಲಿ ವಿಯೆನ್ನಾ ನಗರದ ತರುಣ ರಾಬರ್ಟ್ ಕ್ರೋನ್‌ಫೆಲ್ಡ್ ವಾಸರ್‌ಕುಪ್ಪೆಯಿಂದ ಹೊರಟು, ಮೋಡವನ್ನು ಆಶ್ರಯಿಸಿ, ಹಿಮ್ಮೆಲ್‌ಡಂಕ್ ಎಂಬ ಇನ್ನೊಂದು ಬೆಟ್ಟವನ್ನು ಮುಟ್ಟಿ ಹಿಂದಿರುಗಿದನು. ಅವನ ಮುಂದೆ ವೇರಿಯೊಮೀಟರು ಎಂಬ ಪುಟ್ಟ ಯಂತ್ರವಿದ್ದಿತು. ಅದರ ತತ್ತ್ವ ಸುಲಭವಾದುದು. ಶಾಖವು ತಾಕದಂತೆ ಕಾಪಾಡಿದ ಸೀಸೆಯೊಂದರಲ್ಲಿನ ಗಾಳಿಯು ಕಿರಿದಾದ ಕೊಳವೆಯ ಮೂಲಕ ಹೊರಗಿನ ಗಾಳಿಯೊಡನೆ ಸೇರುತ್ತದೆ. ವಿಮಾನವು ಏರಿದರೆ ಹೊರಗಿನ ಒತ್ತಡ ತಗ್ಗಿ ಸೀಸೆಯ ಗಾಳಿ ಹೊರಕ್ಕೆ ಹರಿಯುವುದು, ಇಳಿದರೆ ಒಳಕ್ಕೆ. ಆ ಹರಿವನ್ನು ಮುಳ್ಳು ತೋರಿಸುವುದು. ಮನುಷ್ಯನ ದೇಹಕ್ಕೆ ಸಮವೇಗದ ಏರಿಕೆ ತಿಳಿಯುವುದಿಲ್ಲ. ಈ ಮುಳ್ಳಿಗೆ ತಿಳಿಯುವುದು. ಬೆಲೂನು ಹಾರಿಸುವವರು ಬಳಸುತ್ತಿದ್ದ ಈ ಯಂತ್ರವನ್ನು ಗ್ಲೈಡರಿಗೆ ತರುವಂತೆ ಸೂಚಿಸಿದವರು ಅಲೆಕ್ಸಾಂಡರ್ ಲಿಪಿಷ್ ಎಂಬ ವಿನ್ಯಾಸಕರು. ಮೊದಲಿಗೆ ಇದು ಕೆಲವರ ಗುಟ್ಟಾಗಿತ್ತು. ಆದರೆ ಗುಟ್ಟು ಹೆಚ್ಚು ಕಾಲ ಉಳಿಯಲಿಲ್ಲ. ಬಹುಬೇಗ ಅದು ಎಲ್ಲ ದೂರಹಾರಾಟಗಾರರ ಸೊತ್ತಾಯಿತು.

ಗುಟ್ಟು ಉಳಿಯದಿರಲು ಈ ಕ್ರೀಡೆಯ ಸ್ವಭಾವವೂ ಒಂದು ಕಾರಣ. ಏರುಗಾಳಿಯು ಕಣ್ಣಿಗೆ ಕಾಣದು. ಆದರೆ ಅದರಲ್ಲಿ ಸುತ್ತುತ್ತಿರುವ ವಿಮಾನವು ಮೈಲಿಗಳಾಚೆಗೂ ಕಾಣುವುದು. ಒಬ್ಬನಿಗೆ ಗಾಳಿ ದೊರೆಯಿತೆಂದರೆ ಎದುರಾಳಿಗಳೆಲ್ಲರೂ ಅಲ್ಲಿಗೆ ಬರುವರು. ಆಗ ಒಂದು ನಿಯಮ ಉಂಟು: ಮೊದಲು ಬಂದವನು ಯಾವ ಕಡೆಗೆ ಸುತ್ತುತ್ತಿರುವನೋ ನಂತರ ಬಂದವರೂ ಅದೇ ಕಡೆಗೆ ಸುತ್ತಬೇಕು. ಇದನ್ನು ಮೀರಿದರೆ ಬಹುಮಾನದ ಮಾತಂತಿರಲಿ, ಪ್ರಾಣಕ್ಕೇ ಅಪಾಯ.

೩

ಹಾಗಾದರೆ ಬೆಳಗಿನಲ್ಲಿಯೇ, ಗಾಳಿ ಇನ್ನೂ ಅಲುಗದಿರುವಾಗ, ಮಧ್ಯಾಹ್ನದ ಏರುಗಾಳಿಯನ್ನು ಹೇಳುವುದು ಹೇಗೆ? ಇದರಲ್ಲಿ ಮಾಯವೇನೂ ಇಲ್ಲ. ತೇವವು ಮೋಡವಾಗದಿರುವ ತನಕ, ಏರುವ ಗಾಳಿಯು ಹಿಗ್ಗುತ್ತ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ತಂಪಾಗುತ್ತದೆ. ತನ್ನ ನೆರೆಯ ಗಾಳಿಗಿಂತ ಬೆಚ್ಚಗಿರುವವರೆಗೆ ಅದು ಏರುತ್ತಿರುವುದು, ಸಮವಾದೊಡನೆ ನಿಲ್ಲುವುದು. ಆದುದರಿಂದ ಬೆಳಗಿನಲ್ಲಿ ಬೇರೆಬೇರೆ ಎತ್ತರಗಳಲ್ಲಿ ಗಾಳಿಯ ಶಾಖವೆಷ್ಟೆಂದು ಅಳೆದು ತಂದರೆ ಉಳಿದುದು ಲೆಕ್ಕ.

ಉದಾಹರಣೆಗೆ, ನೆಲದಿಂದ ೧,೫೦೦ ಮೀಟರು ಎತ್ತರದಲ್ಲಿ ಶಾಖವು ೧೩ ಡಿಗ್ರಿ ಎಂದುಕೊಳ್ಳೋಣ. ನೆಲದ ಗಾಳಿಯು ಅಷ್ಟು ಎತ್ತರಕ್ಕೆ ಏರುವಷ್ಟರಲ್ಲಿ ೧೫ ಡಿಗ್ರಿ ಕಳೆದುಕೊಳ್ಳುವುದು. ಆದುದರಿಂದ ನೆಲದಲ್ಲಿ ಶಾಖವು ೨೮ ಡಿಗ್ರಿಗೆ ಬರುವವರೆಗೆ ಆ ಎತ್ತರದ ಏರುಗಾಳಿಯ ಆಸೆ ಇಲ್ಲ. ಬಿಸಿಲಿನ ಬಲವನ್ನು ನೋಡಿ ಆ ಶಾಖವು ಎಷ್ಟು ಗಂಟೆಗೆ ಬರುವುದೆಂದು ಹೇಳಬಹುದು. ನಡುವೆ ಎಲ್ಲಿಯಾದರೂ ಕೆಳಗಿನದಕ್ಕಿಂತ ಮೇಲಿನ ಗಾಳಿಯೇ ಬೆಚ್ಚಗಿದ್ದರೆ, ಅದು ಗಡಿಗೆಯ ಬಾಯಿಗಿಟ್ಟ ಮುಚ್ಚಳದಂತೆ ಏರುಗಾಳಿಯನ್ನು ತಡೆಯುವುದು. ಇನ್ನು ಮೋಡದ ತಳವು ಎಷ್ಟು ಎತ್ತರದಲ್ಲಿರುವುದು? ನೆಲದ ಶಾಖಕ್ಕೂ, ಇಬ್ಬನಿ ಕಟ್ಟಲು ಗಾಳಿಯು ಎಷ್ಟು ತಣಿಯಬೇಕೋ ಆ ಶಾಖಕ್ಕೂ ಇರುವ ಅಂತರದ ಒಂದೊಂದು ಡಿಗ್ರಿಗೆ ಸುಮಾರು ೧೨೫ ಮೀಟರಿನಂತೆ ಎಣಿಸಿದರೆ ಸಾಕು. ಅಂತರವು ೧೦ ಡಿಗ್ರಿಯಾದರೆ ಮೋಡದ ತಳ ೧,೨೫೦ ಮೀಟರಿನ ಸುಮಾರಿನಲ್ಲಿ.

ಲೆಕ್ಕವು ಸುಲಭವಾದರೂ ಭೂಮಿಯು ಸಮವಾಗಿಲ್ಲ. ಉತ್ತ ಹೊಲ ಬೇಗ ಕಾಯುವುದು, ಕಾಡು ತಡವಾಗಿ; ನೀರು ನಿಂತ ನೆಲ ಕಾಯುವುದೇ ಕಷ್ಟ. ಯಾವ ಗುಡ್ಡದ ಯಾವ ಮಗ್ಗುಲಿನಿಂದ ಎಷ್ಟು ಹೊತ್ತಿಗೆ ಗಾಳಿ ಏಳುವುದೆಂಬುದನ್ನು ಪುಸ್ತಕವು ಹೇಳದು. ಅಲ್ಲಿ ಹಾರಿದವರು ಹೇಳಬೇಕು. ಇಲ್ಲಿಯೇ ಶಾಸ್ತ್ರವೂ ಸಂಘವೂ ಒಂದಾಗುವುದು. ಬೆಳಗಿನ ಮುನ್ಸೂಚನೆಯು ಶಾಸ್ತ್ರಜ್ಞನು ಹಾರಾಟಗಾರರಿಗೆ ಕೊಟ್ಟ ಸಾಲ. ಸಂಜೆಯ ವರದಿಯು ಅದರ ಮರುಪಾವತಿ. ಸೋತವನ ವರದಿಗೂ ಇಲ್ಲಿ ಗೆದ್ದವನ ವರದಿಯಷ್ಟೇ ಬೆಲೆ. ಏಕೆಂದರೆ ಗಾಳಿ ಎಲ್ಲಿ ಇಲ್ಲವೆಂಬುದನ್ನು ಹೇಳಬಲ್ಲವನು ಅವನೇ.

ಆಕಸ್ಮಿಕವಾದ ವಿಪತ್ತೂ ಹೀಗೆ ಜ್ಞಾನವಾಗಿ ಮಾರ್ಪಟ್ಟಿತು. ೧೯೨೬ರ ಆಗಸ್ಟ್ ೧೨ರಂದು ಮ್ಯಾಕ್ಸ್ ಕೇಗಲ್ ಎಂಬವರ ವಿಮಾನವನ್ನು ಗುಡುಗಿನ ಮೋಡವೊಂದು ಒಳಕ್ಕೆ ಹೀರಿಕೊಂಡಿತು. ಅವರು ಬದುಕಿ ಸುಮಾರು ೫೫ ಕಿಲೋಮೀಟರು ದೂರದಲ್ಲಿ ಇಳಿದರು. ಗೆಳೆಯರು ಅವರಿಗೆ ‘ಗುಡುಗಿನ ಮ್ಯಾಕ್ಸ್’ ಎಂದು ಹೆಸರಿಟ್ಟರು. ಆದರೆ ಹೆಸರಿಟ್ಟು ನಕ್ಕು ಬಿಡಲಿಲ್ಲ. ಮುನ್ನುಗ್ಗುವ ಬಿರುಮಳೆಯ ಮುಂದೆ, ತಂಗಾಳಿಯು ನೆಲದ ಬೆಚ್ಚನೆಯ ಗಾಳಿಯನ್ನು ಮೇಲಕ್ಕೆ ಮೀಟುವುದರಿಂದ, ಬಲವಾದ ಏರುಗಾಳಿಯ ಪಟ್ಟಿಯೊಂದು ಸಾಗುತ್ತಿರುವುದೆಂಬುದನ್ನು ಅಧ್ಯಯನ ಮಾಡಿದರು. ೧೯೨೯ರ ಜುಲೈಯಲ್ಲಿ ಕ್ರೋನ್‌ಫೆಲ್ಡ್ ಬುದ್ಧಿಪೂರ್ವಕವಾಗಿ ಬಿರುಮಳೆಯ ಮುಂದೆ ಹಾರಿ ೧೪೦ ಕಿಲೋಮೀಟರಿಗೂ ಮೀರಿ ಹೋದನು. ೧೯೩೧ರ ಮೇ ತಿಂಗಳಲ್ಲಿ ಗುಂಟರ್ ಗ್ರೋನ್‌ಹಾಫ್ ಮ್ಯೂನಿಕ್ ನಗರದಿಂದ ಹೊರಟು ಇಂಥ ಗಾಳಿಯನ್ನೇರಿ ಚೆಕೊಸ್ಲೊವಾಕಿಯಾದವರೆಗೆ ೨೭೨ ಕಿಲೋಮೀಟರು ಸಾಗಿದನು. ಮರುವರ್ಷ ರೋನಿನ ಸ್ಪರ್ಧೆಯಲ್ಲಿಯೇ ಅವನು ಮಡಿದನು. ಈ ವಿದ್ಯೆಯ ಲೆಕ್ಕಪುಸ್ತಕದಲ್ಲಿ ಜಮೆಯ ಪುಟದ ಎದುರಿಗೆ ಇಂಥ ಖರ್ಚಿನ ಪುಟವೂ ಉಂಟೆಂಬುದನ್ನು ಮರೆಯಬಾರದು.

೧೯೩೫ರ ಜುಲೈ ೨೯ರ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಅಂದು ವಾಸರ್‌ಕುಪ್ಪೆಯಿಂದ ಹೊರಟ ಬ್ರಾಯ್ಟಿಗಾಮ್, ಹೈನೆಮನ್, ಓಲ್ಟ್ಸ್‌ನರ್, ಸ್ಟೈನ್‌ಹಾಫ್ ಎಂಬ ನಾಲ್ವರು, ೫೦೪ ಕಿಲೋಮೀಟರು ದೂರದ ಬ್ರನೋ ನಗರದ ವಿಮಾನನಿಲ್ದಾಣದಲ್ಲಿಯೇ ಇಳಿದರು. ಆ ಕಾಲಕ್ಕೆ ಇದು ಲೋಕದ ದಾಖಲೆ. ಒಂದೇ ಕಡೆಯಲ್ಲಿ ಇಳಿದುದರಿಂದ ಕೀರ್ತಿಯು ನಾಲ್ವರಿಗೂ ಸಮವಾಗಿ ಹಂಚಿಹೋಯಿತು. ಆದರೆ ಎಂಜಿನುಳ್ಳ ವಿಮಾನದ ಹಿಂದೆ ಹಗ್ಗ ಕಟ್ಟಿ ಗ್ಲೈಡರುಗಳನ್ನು ಮರಳಿ ತರುವಾಗ ಓಲ್ಟ್ಸ್‌ನರ್ ಅಪಘಾತದಲ್ಲಿ ತೀರಿಕೊಂಡರು. ನಾಲ್ವರು ಗೆದ್ದರು, ಮೂವರು ಮನೆಗೆ ಬಂದರು.

೪

ಗೆಳೆಯರ ಕೂಟವು ಶಾಸ್ತ್ರಕ್ಕೆ ಒದಗಿದುದರ ಅತ್ಯುತ್ತಮ ನಿದರ್ಶನವು ವಾಸರ್‌ಕುಪ್ಪೆಯದಲ್ಲ. ಅಲ್ಲಿಂದ ಬಹುದೂರ ಪೂರ್ವಕ್ಕೆ, ಸೈಲೀಷಿಯಾ ಪ್ರಾಂತದ ಗ್ರೂನೌ ಎಂಬ ಹಳ್ಳಿಯದು. ಈ ಊರು ಇಂದು ಪೋಲೆಂಡಿಗೆ ಸೇರಿದೆ. ಅಲ್ಲಿನ ಗ್ಲೈಡರು ಶಾಲೆಯ ಮುಖ್ಯಸ್ಥರು ವೊಲ್ಫ್ ಹಿರ್ತ್. ಅವರ ಒಂದು ಕಾಲು ಮರದ್ದು. ಮೋಟಾರ್ ಸೈಕಲಿನ ಅಪಘಾತದಲ್ಲಿ ನಿಜವಾದ ಕಾಲನ್ನು ಕಳೆದುಕೊಂಡಿದ್ದರು. ಮೋಡವಿಲ್ಲದ ನೀಲಿ ಆಕಾಶದಲ್ಲಿಯೂ ಬಿಸಿಗಾಳಿ ಏರುವುದೆಂದು ೧೯೩೦ರಲ್ಲಿ ಅಮೆರಿಕದಲ್ಲಿ ಹಾರಿ ತೋರಿಸಿದವರು ಇವರೇ.

ಗ್ರೂನೌ ಸುತ್ತಿನ ರೈತರಿಗೆ ಒಂದು ವಿಚಿತ್ರವಾದ ಮೋಡದ ಪರಿಚಯವಿತ್ತು. ದಕ್ಷಿಣದ ಗಾಳಿ ಬೆಟ್ಟವನ್ನು ದಾಟಿ ಬೀಸಿದಾಗ ಬೆಟ್ಟದ ಈಚೆಗೆ ಉದ್ದನೆಯ ಮೋಡವೊಂದು ಕಾಣಿಸಿಕೊಂಡು, ಅಷ್ಟು ಗಾಳಿಯಲ್ಲಿಯೂ ಕದಲದೆ ನಿಂತಿರುತ್ತಿತ್ತು. ಅದನ್ನು ಮೊದಲು ಗುರುತಿಸಿದನೆನ್ನಲಾದ ಗೋಟ್ಲೀಬ್ ಎಂಬ ರೈತನ ಹೆಸರನ್ನು ಹಳ್ಳಿಯ ಉಚ್ಚಾರಣೆಯಲ್ಲಿ ಕೂಡಿಸಿ ಅದನ್ನು ‘ಮೋಟ್ಸಗೋಟ್ಲ್’ ಎಂದು ಕರೆಯುತ್ತಿದ್ದರು. ೧೯೩೩ರ ಮಾರ್ಚಿಯಲ್ಲಿ ಹಾನ್ಸ್ ಡಾಯ್ಚ್‌ಮನ್ ಮತ್ತು ಹಿರ್ತ್ ಈ ಮೋಡದ ನೆರೆಯಲ್ಲಿ, ಒಂದು ಕುಲುಕೂ ಇಲ್ಲದ ನುಣುಪಾದ ಏರುಗಾಳಿಯನ್ನು ಕಂಡರು. ಹಳ್ಳದ ನೀರು ಮುಳುಗಿದ ಬಂಡೆಯನ್ನು ದಾಟಿದ ಮೇಲೆ ಅದರ ಈಚೆಗೆ ನಿಂತಲ್ಲಿಯೇ ನಿಲ್ಲುವ ಅಲೆಯಾಗುವಂತೆ, ಬೆಟ್ಟವನ್ನು ದಾಟಿದ ಗಾಳಿಯೂ ಅಲೆಯಾಗುವುದು. ಅಲೆಯ ನೆತ್ತಿಯಲ್ಲಿ ಮೋಡ ಕಟ್ಟುವುದು. ರೈತರ ಮೋಡಕ್ಕೆ ಶಾಸ್ತ್ರವು ದೊರೆಯಿತು. ಹಿರ್ತ್ ತಮ್ಮ ಹೊಸ ವಿಮಾನಕ್ಕೆ ಆ ಮೋಡದ ಹೆಸರನ್ನೇ ಇಟ್ಟರು.

ಯೊವಾಕಿಮ್ ಕ್ಯೂಟ್‌ನರ್ ಎಂಬ ತರುಣನು ನ್ಯಾಯಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದು, ಅದನ್ನು ಬಿಟ್ಟು ಹವಾಶಾಸ್ತ್ರಕ್ಕೆ ಬಂದವನು. ಈ ಅಲೆಯ ಆಕಾರವನ್ನು ಅರಿಯಲು ಒಂದೇ ಕಾಲದಲ್ಲಿ ಹಲವು ಕಡೆಗಳಲ್ಲಿ ಅಳೆಯಬೇಕಾಗಿತ್ತು. ಅಷ್ಟು ವಿಮಾನಗಳು ಯಾವ ಶಾಸ್ತ್ರಜ್ಞನ ಕೈಯಲ್ಲಿರುವುವು? ೧೯೩೭ರಲ್ಲಿ ಗ್ರೂನೌವಿನಲ್ಲಿ ಸ್ಪರ್ಧೆಗೆಂದು ಕೂಡಿದ್ದ ಗ್ಲೈಡರುಗಳ ಬ್ಯಾರೊಗ್ರಾಫ್ ಗೆರೆಗಳನ್ನೆಲ್ಲ ಅವನು ಬೇಡಿ ಪಡೆದನು. ಒಬ್ಬೊಬ್ಬರು ತಂತಮ್ಮ ಬಹುಮಾನಕ್ಕಾಗಿ ಹಾರಿದ ಗೆರೆಗಳು ಒಂದರ ಪಕ್ಕದಲ್ಲೊಂದು ಇಟ್ಟಾಗ, ಕಣ್ಣಿಗೆ ಕಾಣದ ಅಲೆಯು ಕಾಗದದ ಮೇಲೆ ಮೂಡಿತು. ಅದೇ ವರ್ಷ ಅವನು ತೆರೆದ ಆಸನದ ಚಿಕ್ಕ ಗ್ಲೈಡರಿನಲ್ಲಿ ೬,೦೦೦ ಮೀಟರಿಗೂ ಮೇಲಕ್ಕೆ ಏರಿದನು. ಹೀಗೆ ಪೈಪೋಟಿಯ ಗೆರೆಗಳೇ ಸಹಕಾರದ ಚಿತ್ರವಾದುವು.

೫

ಇಷ್ಟರವರೆಗೆ ಹೇಳಿದುದು ಕೂಟದ ಬೆಳಕಿನ ಮುಖ. ಇನ್ನೊಂದು ಮುಖವನ್ನು ಮುಚ್ಚಿಟ್ಟರೆ ಇತಿಹಾಸಕ್ಕೆ ಅನ್ಯಾಯವಾಗುವುದು.

೧೯೩೩ರಲ್ಲಿ ಜರ್ಮನಿಯ ಅಧಿಕಾರವು ಹಿಟ್ಲರನ ಪಕ್ಷಕ್ಕೆ ಸೇರಿತು. ಸ್ವತಂತ್ರವಾಗಿದ್ದ ಹಾರಾಟದ ಸಂಘಗಳನ್ನೆಲ್ಲ ವಿಸರ್ಜಿಸಿ ಸರ್ಕಾರದ ಒಂದೇ ಸಂಸ್ಥೆಯೊಳಗೆ ಅಡಕಮಾಡಿದರು. ಗುಡ್ಡದ ಮೇಲೆ ಹಗ್ಗ ಎಳೆಯುತ್ತಿದ್ದ ಹುಡುಗರು ಮುಂದಿನ ವಾಯುಸೇನೆಯ ಮೊಳಕೆಗಳಾದರು. ಗಿಯೋರ್ಗಿಯವರ ಸಂಶೋಧನಾಲಯವು ಗ್ಲೈಡರು ವಿದ್ಯೆಯ ರಾಷ್ಟ್ರೀಯ ಸಂಸ್ಥೆಯಾಗಿ ಬೆಳೆಯಿತು, ನಾಯಕರು ಅವರೇ. ಆ ಸಂಸ್ಥೆಯ ವಿನ್ಯಾಸದ ಗ್ಲೈಡರುಗಳೇ ೧೯೪೦ರ ಮೇ ೧೦ರಂದು ಶಸ್ತ್ರಧಾರಿಗಳನ್ನು ಹೊತ್ತು ಬೆಲ್ಜಿಯಮ್ಮಿನ ಎಬೆನ್-ಎಮೇಲ್ ಕೋಟೆಯ ಮೇಲೆ ಸದ್ದಿಲ್ಲದೆ ಇಳಿದುವು.

ಕ್ರೋನ್‌ಫೆಲ್ಡ್ ಯೆಹೂದಿ ಕುಲದವನು. ೧೯೨೯ರ ಮೇ ತಿಂಗಳಲ್ಲಿ ಮೊದಲ ಬಾರಿಗೆ ನೂರು ಕಿಲೋಮೀಟರಿನ ಗಡಿಯನ್ನು ದಾಟಿದವನು, ೧೯೩೧ರ ಜೂನ್ ೨೦ರಂದು ಇಂಗ್ಲಿಷ್ ಕಡಲ್ಗಾಲುವೆಯನ್ನು ಒಂದೇ ದಿನದಲ್ಲಿ ಎರಡು ಬಾರಿ ದಾಟಿದವನು, ಆ ಗುಡ್ಡದ ಅತ್ಯಂತ ಪ್ರಸಿದ್ಧ ಪುತ್ರ. ಅವನಿಗೆ ಆ ಗುಡ್ಡದಲ್ಲಿ ಎಡೆಯಿಲ್ಲದಂತಾಯಿತು. ದೇಶವನ್ನು ಬಿಟ್ಟು 'ಅನ್ಯ'ನಾಗಿ ಇಂಗ್ಲೆಂಡಿಗೆ ಹೋದನು. ಅಲ್ಲಿನ ಪೌರನಾಗಿ ಯುದ್ಧಕಾಲದಲ್ಲಿ ಆ ದೇಶದ ವಾಯುಸೇನೆಯಲ್ಲಿ ಸೇವೆಮಾಡಿದನು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅವನ ಹಗ್ಗವನ್ನು ಹಿಡಿದು ಓಡಿದ ಕೈಗಳು, ಅವನ ವರದಿಯಿಂದ ಗಾಳಿಯನ್ನು ಕಲಿತ ತಲೆಗಳು, ಅಲ್ಲಿಯೇ ಇದ್ದುವು. ಏರುಗಾಳಿಯಲ್ಲಿ ಮೊದಲು ಬಂದವನ ದಿಕ್ಕಿಗೆ ಗೌರವ ಕೊಡುವ ನಿಯಮವನ್ನು ಕಟ್ಟಿಕೊಂಡ ಕೂಟವು, ಅದೇ ಮನುಷ್ಯನಿಗೆ ನೆಲದ ಮೇಲೆ ನಿಲ್ಲಲು ಎಡೆಯಿಲ್ಲವೆಂದಾಗ ಅದನ್ನು ತಡೆಯಲಾರದೆ ಹೋಯಿತು. ೧೯೩೭ರ ಜುಲೈಯಲ್ಲಿ ವಾಸರ್‌ಕುಪ್ಪೆಯಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆ ನಡೆದು ಹಲವು ದೇಶಗಳವರು ಕೂಡಿ ಹಾರಿದರು; ಎರಡು ವರ್ಷಗಳ ಮೇಲೆ ಅದೇ ದೇಶಗಳು ಯುದ್ಧಕ್ಕೆ ಇಳಿದುವು. ಒಟ್ಟಿಗೆ ದುಡಿದ ಮಾತ್ರದಿಂದ ಗೆಳೆತನವು ನ್ಯಾಯವಾಗಿ ಮಾಗುವುದಿಲ್ಲ. ಗಾಳಿಯ ನಿಯಮವನ್ನು ಪಾಲಿಸುವುದಕ್ಕೆ ಪ್ರಾಣಭಯವೇ ಸಾಕು. ನೆಲದ ನಿಯಮಕ್ಕೆ ಧೈರ್ಯ ಬೇಕು.

೧೯೪೮ರ ಫೆಬ್ರವರಿ ೧೨ರಂದು, ಇಂಗ್ಲೆಂಡಿನಲ್ಲಿ ಬಾಲವಿಲ್ಲದ ಗ್ಲೈಡರೊಂದನ್ನು ಪರೀಕ್ಷಿಸುತ್ತಿರುವಾಗ ಕ್ರೋನ್‌ಫೆಲ್ಡ್ ಅಪಘಾತಕ್ಕೀಡಾಗಿ ಸತ್ತನು. ಅದೇ ವರ್ಷದ ಬೇಸಗೆಯಲ್ಲಿ ಸ್ವಿಟ್ಜರ್ಲೆಂಡಿನ ಸಮೇಡನ್ ಎಂಬಲ್ಲಿ ಲೋಕದ ಗ್ಲೈಡರು ಹಾರಾಟಗಾರರು ಮತ್ತೆ ಕೂಡಿದರು. ಹಾರಾಟದ ಶಾಸ್ತ್ರವನ್ನೂ ಹವೆಯ ಶಾಸ್ತ್ರವನ್ನೂ ದೇಶದೇಶಗಳ ನಡುವೆ ಹಂಚಿಕೊಳ್ಳುವುದಕ್ಕಾಗಿ ಅಲ್ಲಿ ಒಂದು ಅಂತರರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸಿದರು. ಗಿಯೋರ್ಗಿಯವರು ೧೯೩೦ರಲ್ಲಿ ಕಟ್ಟಿದ್ದ ಇಂಥದೇ ಸಂಸ್ಥೆಯು ಯುದ್ಧದಲ್ಲಿ ಅಳಿದುಹೋಗಿದ್ದಿತು. ಜರ್ಮನಿಯಲ್ಲಿ ಗ್ಲೈಡರು ಹಾರಿಸುವ ಅನುಮತಿಯು ಆಗ ಇನ್ನೂ ಇರಲಿಲ್ಲ. ಅದು ಮರಳಿದುದು ೧೯೫೧ರಲ್ಲಿ.

ಆ ೧೯೫೧ರಲ್ಲಿಯೇ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸಿಯೆರಾ ನೆವಾಡಾ ಪರ್ವತಗಳ ಈಚೆಗೆ, ಗಾಳಿಯ ಅಲೆಯನ್ನು ಅಳೆಯುವ ದೊಡ್ಡ ಕಾರ್ಯ ಆರಂಭವಾಯಿತು. ವಿಶ್ವವಿದ್ಯಾಲಯವೂ ವಾಯುಸೇನೆಯೂ ಇದ್ದುವು; ಆದರೆ ಹಾರಿದವರು ದಕ್ಷಿಣ ಕ್ಯಾಲಿಫೋರ್ನಿಯಾದ ಗ್ಲೈಡರು ಸಂಘದವರು. ಅವರ ಜೊತೆಯಲ್ಲಿ, ಕೆಲವೇ ವರ್ಷಗಳ ಹಿಂದೆ ಶತ್ರುದೇಶದವನಾಗಿದ್ದ ಕ್ಯೂಟ್‌ನರ್! ೧೯೫೨ರ ಮಾರ್ಚ್ ೧೯ರಂದು ಲ್ಯಾರಿ ಎಡ್ಗರ್ ಮತ್ತು ಹೆರಾಲ್ಡ್ ಕ್ಲೀಫೋರ್ತ್ ೧೩,೪೮೯ ಮೀಟರಿಗೆ ಏರಿದರು. ಮೂರು ವರ್ಷಗಳ ಮೇಲೆ ಎಡ್ಗರರ ಗ್ಲೈಡರು ಅಲೆಯ ಕೆಳಗಿನ ಸುಳಿಯಲ್ಲಿ ಸಿಕ್ಕಿ ಚೂರಾಯಿತು. ಅವರು ಪ್ಯಾರಾಶೂಟಿನಿಂದ ಬದುಕಿದರು. ಬೆಟ್ಟದ ಈಚೆಯ ಸುಳಿ ಎಷ್ಟು ಭಯಂಕರವೆಂಬುದು ಇಂಥವರಿಂದ ತಿಳಿದುದು. ಪ್ರಯಾಣಿಕರ ವಿಮಾನಗಳು ಪರ್ವತಗಳನ್ನು ದಾಟುವಾಗ ವಹಿಸುವ ಎಚ್ಚರದಲ್ಲಿ ಈ ಜ್ಞಾನದ ಪಾಲು ಉಂಟು.

ಇಂದು ಉಪಗ್ರಹಗಳೂ ಗಣಕಯಂತ್ರಗಳೂ ಏರುಗಾಳಿಯ ಮುನ್ಸೂಚನೆಯನ್ನು ಗಂಟೆಗಂಟೆಗೆ ಕೊಡುತ್ತಿವೆ. ೨೦೧೮ರ ಸೆಪ್ಟೆಂಬರಿನಲ್ಲಿ ಅರ್ಜೆಂಟೀನಾದ ಪರ್ವತಗಳ ಅಲೆಯನ್ನೇರಿ ಗ್ಲೈಡರೊಂದು ೨೨,೦೦೦ ಮೀಟರನ್ನೂ ಮೀರಿತು. ಆದರೂ ಹಾರಾಟಗಾರರು ತಂತಮ್ಮ ದಿನದ ದಾಖಲೆಯನ್ನು ಎಲ್ಲರೂ ನೋಡುವಂತೆ ಪ್ರಕಟಿಸುವ ವಾಡಿಕೆ ಉಳಿದಿದೆ. ಸಂಜೆಯ ಮರುಪಾವತಿ ನಿಂತಿಲ್ಲ. ವಾಸರ್‌ಕುಪ್ಪೆಯ ನೆತ್ತಿಯಲ್ಲಿ, ಮಹಾಯುದ್ಧದಲ್ಲಿ ಮಡಿದ ಹಾರಾಟಗಾರರ ನೆನಪಿಗಾಗಿ ೧೯೨೩ರಲ್ಲಿ ಕಲ್ಲುಗುಡ್ಡೆಯ ಮೇಲೆ ನಿಲ್ಲಿಸಿದ ಹದ್ದಿನ ಪ್ರತಿಮೆ ಈಗಲೂ ಕುಳಿತಿದೆ. ಅಲ್ಲಿಗೆ ಹೋಗುವವರು ಗುಟರ್‌ಮುಟ್ ಮತ್ತು ಅವನ ಸಂಗಡಿಗರೊಡನೆ ಕ್ರೋನ್‌ಫೆಲ್ಡನನ್ನೂ ನೆನೆದರೆ, ಆ ಗುಡ್ಡವು ಕಲಿಸಿದುದನ್ನು ಪೂರ್ತಿಯಾಗಿ ಕಲಿತಂತಾಗುವುದು.